ಕೇಳಿದವನಿಗೆ ಸೂತಕ

ಬಸ್ತಿಯ ಬಾಗಿಲ ಪಕ್ಕದ ಮುರಿದ ಸೂರಿನಿಂದ ಸೋರುವ ನೀರು ಮೂರ್ತಿಯ ಕುತ್ತಿಗೆಯ ಮೇಲೆ, ತಲೆ ಇರಬೇಕಾದ ಜಾಗದಲ್ಲಿ ನಿಂತು, ತುಂಬಿ, ಎಡ ಭುಜದ ಮೇಲಿಂದ ಒಂದೇ ಎಳೆಯಾಗಿ ಇಳಿಯುತ್ತಿದೆ, ಬಲ ಭುಜ ಒಣಗಿಯೇ ಇದೆ, ಯಾಕೆ ಹೀಗೆ, ಪೀಠ ವಾಲಿದ್ದಕ್ಕೋ, ಒಡೆದವನು ಓರೆಯಾಗಿ ಹೊಡೆದದ್ದಕ್ಕೋ — ಅಭಿನಂದನ ಅದನ್ನೇ ನೋಡುತ್ತ ನಿಂತಿದ್ದ, ಫೋನು ಇನ್ನೂ ಕಿವಿಗೇ ಇತ್ತು, ಆ ಕಡೆಯಿಂದ ಕುರಿ ಕಾಯುವ ಭರಮು ಇಟ್ಟು ಎಷ್ಟೋ ಹೊತ್ತಾಗಿತ್ತು. ಕಾಕಾರು ಹೋಗ್ಯಾರ್ರಿ ಅಣ್ಣಾರ. ಮೊದಲು ಅಷ್ಟೇ ಅಂದಿದ್ದ, ಹಿಂದೆ ಎಮ್ಮೆ ಒದರುವ ಸದ್ದು, ತಗಡಿನ ಮೇಲೆ ಮಳೆಯ ಸದ್ದು, ಎಲ್ಲಿಗಿ ಹೋಗ್ಯಾರ ಅಂತ ಅಭಿನಂದನ ಕೇಳಿಬಿಟ್ಟಿದ್ದ, ಕೇಳುತ್ತಿದ್ದಂತೆಯೇ ಗೊತ್ತಾಗಿತ್ತು, ಆಮೇಲೆ ಭರಮು ಅತ್ತದ್ದು, ಗಂಡಸು ಫೋನಿನಲ್ಲಿ ಅತ್ತರೆ ಕೆಮ್ಮಿದಂತೆ ಕೇಳಿಸುತ್ತದೆ. ಉಗಾರ ಬುದ್ರುಕದ ತೋಟದ ಮನೆ, ಪಾಯಗೊಂಡ ಕಾಕಾ, ಅಪ್ಪನ ಒಬ್ಬನೇ ತಮ್ಮ, ಇನ್ನಿಲ್ಲ. ಅಹೋ ಅಭಿನಂದನ ಅವ್ರ, ಆ ತಲಿ ಇಲ್ಲದ ದೇವ್ರಿಗಿ ಏನ ಫೋನ ಹಚ್ಚೀರಿ, ಇತ್ತ ಬರ್ರಿ, ನಮಗೂ ಒಂದೀಟ ತಿಳಿಸಿ ಹೇಳ್ರಿ — ಅದು ಸುಗಂಧಾಬಾಯಿ, ಮದುಮಗ ಸಂದೇಶನ ಸೋದರತ್ತೆ, ಗುಲಾಬಿ ಬಣ್ಣದ ಕೊಡೆಯ ಕೆಳಗೆ, ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ಹುಷಾರಾಗಿ ಹೆಜ್ಜೆ ಇಡುತ್ತ. ಬಂದ್ನಿರಿ, ಅಂದ ಅವನು. ತನ್ನ ದನಿ ಹೀಗೆ ಸರಿಯಾಗಿ ಬಂದದ್ದು ಅವನಿಗೇ ವಿಚಿತ್ರ ಅನ್ನಿಸಿತು. ಇಚಲಕರಂಜಿಯ ಬೀಗರಿಗೆ ಮದುವೆ ಮನೆಯ ಮುಂದೆ ಬೇಡ, ಕಾರ್ಯಾಲಯದಲ್ಲಿ ಬೇಡ, ಡೆಸ್ಟಿನೇಷನ್ ವೆಡ್ಡಿಂಗೇ ಆಗಬೇಕು, ಅದಕ್ಕೆ ನಿಪ್ಪಾಣಿಯ ಹೈವೇ ಬಿಟ್ಟು ಗುಡ್ಡ ಹತ್ತಿದರೆ ಸಿಗುವ ಈ ಹೊಸ ರಿಸಾರ್ಟು, ಅದರ ಕಿಟಕಿಯಿಂದ ಕಾಣುವ ಈ ಹಾಳಬಸ್ತಿ, ಪಾಳುಬಿದ್ದ ಜೈನ ಬಸದಿ, ಬೋರಗಾಂವದಾಗ ನಮ್ಮ ಮನಿ ಗಚ್ಚಿ ಹತ್ತಿದ್ರ ಕಾಣು ಗುಡ್ಡ ಇದು, ಇದಕ್ಕ ಡೆಸ್ಟಿನೇಷನ್ ಅಂತಾರಂತ, ಎಂದು ಅಪ್ಪ ಎಲ್ಲರೆದುರೂ ನಗೆಯಾಡಿದ್ದ, ಬೆಳಿಗ್ಗೆ ತಿಂಡಿಗೆ ಕೂತಾಗಲೂ ಅದನ್ನೇ ಮತ್ತೊಮ್ಮೆ ಹೇಳಿದ್ದ, ಆದರೆ ಆಗ ಅವನ ಕೈ ಚಹದ ಕಪ್ಪಿನ ಮೇಲೆ ಸುಮ್ಮನೆ ಇತ್ತು, ಎತ್ತಿರಲಿಲ್ಲ.

ನೀ ಹಿಸ್ಟರಿ ಓದಿದಾಂವ, ಬೀಗರ ಮಂದಿನ್ನ ನೀನ ಕರಕೊಂಡ ಹೋಗು — ಅಂತ ಅಪ್ಪನೇ ಕಳಿಸಿದ್ದ, ಹೊತ್ತು ಕಳೆಯಬೇಕಿತ್ತು, ಜೂನಿನ ಮಿರಗದ ಮಳೆ ಹಿಡಿದು ಬಿಟ್ಟಿರಲಿಲ್ಲ, ಸಂಜೆ ಹೊತ್ತು ಮುಳುಗುವ ಮೊದಲೇ ಹಳದಿ ಶಾಸ್ತ್ರ, ಹೊತ್ತು ಮುಳುಗುವ ಮೊದಲೇ ಊಟ, ಅಲ್ಲಿಯವರೆಗೆ ಟೆಂಪೋ ತುಂಬ ಜನರನ್ನು ಏನು ಮಾಡುವುದು. ಬಿ.ಎ. ಹಿಸ್ಟರಿ ಇಷ್ಟು ವರ್ಷದಲ್ಲಿ ಮೊದಲ ಸಲ ಮನೆಯ ಉಪಯೋಗಕ್ಕೆ ಬಂತು ಅಂತ ನೀಲಮ ಕಿಸಕ್ಕನೆ ನಕ್ಕಿದ್ದಳು, ತಂಗಿ, ನಾಳೆಯ ಮದುಮಗಳು. ಬಾಗಿಲ ಹೊರಗೇ ನಿಂತು ಕೈ ತೋರಿಸುತ್ತ, ಇದು ನವರಂಗ, ಇದು ಸುಖನಾಸಿ, ಈ ಕಂಬ ಕಟೆಯುವಾಗ ಕಲ್ಲನ್ನೇ ತಿರುಗಿಸುತ್ತಿದ್ದರು, ಅದಕ್ಕೆ ಈ ಗೆರೆ, ಬಳೆಯ ಹಾಗೆ — ಅವನ ಬಾಯಿ ಹೇಳುತ್ತ ಹೋಗುತ್ತದೆ, ಭರಮು ಇನ್ನೂ ಏನೋ ಹೇಳಿದ್ದ, ಅದು ಈಗ ತಡವಾಗಿ ಬಂದು ಮುಟ್ಟುತ್ತಿದೆ. ನಸುಕಿನ್ಯಾಗ ಕುರಿ ಹೊಡಕೊಂಡ ಹೊಂಟಾಗ ನೋಡಿದ್ನಿರಿ, ಕಟ್ಟಿ ಮ್ಯಾಲ ಗ್ವಾಡಿಗಿ ಆತ ಕುಂತಿದ್ರು, ಕಾಕಾರ ಚಾ ಆತೇನ್ರಿ ಅಂದ್ನಿ, ಮಾತಾಡಲಿಲ್ಲ, ಇವತ್ತ ಅಷ್ಟಮಿ ಅಲ್ರಿ, ಮೌನ ಹಿಡದಾರ ಅಂತ ತಿಳದ್ನಿ, ಮೌನದಾಗ ಇದ್ದವರ್ನ ಮತ್ತ ಮತ್ತ ಮಾತಾಡಸಬಾರದು ಅಂತ ಅವರ ಹೇಳಿದ್ರಲ್ರಿ, ಸುಮ್ನ ಹ್ವಾದ್ನಿ, ಕುರಿ ಹೊಲಕ್ಕ ಬಿಟ್ಟ ಲಗೂನ ಹೊಳ್ಳಿ ಬಂದ್ರೂ ಹಂಗ ಕುಂತಾರ್ರಿ, ಎಮ್ಮಿ ಹಿಂಡಿಲ್ಲ, ಎಮ್ಮಿ ಒದರಾಕತ್ತೈತಿ, ಆವಾಗ ನನಗ ತಿಳೀತ್ರಿ. ಅಷ್ಟಮಿಗೆ, ಚತುರ್ದಶಿಗೆ ಕಾಕಾ ಮೌನ. ಅಭಿನಂದನ ಹೈಸ್ಕೂಲಿಗೂ ಕಾಲೇಜಿಗೂ ಅದೇ ತೋಟದ ಮನೆಯಿಂದ ಹೋದವನು, ಮೊದಲ ಅಷ್ಟಮಿಗೆ ಹೆದರಿದ್ದ, ತಾನು ಏನು ತಪ್ಪು ಮಾಡಿದೆ ಅಂತ, ಮೂರನೆಯದೋ ನಾಲ್ಕನೆಯದೋ ಬರುವಷ್ಟರಲ್ಲಿ ಆ ದಿನಗಳಿಗಾಗಿ ಕಾಯತೊಡಗಿದ್ದ, ರೊಟ್ಟಿ ತಟ್ಟೆಗೆ ಬೀಳುತ್ತಿತ್ತು, ಪುಂಡಿ ಪಲ್ಯ ಬೀಳುತ್ತಿತ್ತು, ಕಬ್ಬಿನ ಗರಿ ಒಂದಕ್ಕೊಂದು ಉಜ್ಜುವ ಸದ್ದು ಒಳಗಿನವರೆಗೂ ಬರುತ್ತಿತ್ತು, ಇಬ್ಬರು ಒಂದೇ ಮನೆಯಲ್ಲಿ ಮಾತಿಲ್ಲದೆ ಇರುವುದು ಜಗಳವಲ್ಲ ಅಂತ ಅವನಿಗೆ ಗೊತ್ತಾದದ್ದು ಅಲ್ಲೇ, ಆಮೇಲೆ ಎಲ್ಲಿಯೂ ಅಂಥ ಮನೆ ಸಿಗಲಿಲ್ಲ.

ಇದು ಯಾರ ಕಾಲದ್ದರಿ, ಅಂತ ಯಾರೋ ಕೇಳಿದರು, ಗೊತ್ತಿಲ್ರಿ, ಶಾಸನ ಸಿಕ್ಕಿಲ್ಲ ಅಂದ, ಆ ಉತ್ತರ ಯಾರಿಗೂ ಬೇಕಿರಲಿಲ್ಲ. ಹೆಸರಿಲ್ಲದ್ದು ಹಾಗೇ ಉಳಿಯುತ್ತದೆ, ಹೆಸರಿದ್ದವರು ಕೂಡ, ಪಾಯಗೊಂಡ ಕಾಕಾನನ್ನು ಊರು ಕರೆಯುತ್ತಿದ್ದದ್ದು ಹೊಳ್ಳಿ ಬಂದಾಂವ ಅಂತ. ದೀಕ್ಷೆ ತಗೊಳ್ಳುತ್ತೇನೆ ಅಂತ ಮುನಿಸಂಘದ ಹಿಂದೆ ಬರಿಗಾಲಲ್ಲಿ ಹೋದವನು, ಊರಿನವರು ಮೆರವಣಿಗೆ ಮಾಡಿ ಕಳಿಸಿದ್ದರಂತೆ, ಅವ್ವ ಆರತಿ ಎತ್ತಿದ್ದಳಂತೆ, ಎರಡು ಚಾತುರ್ಮಾಸ್ಯ ಕಳೆದ ಮೇಲೆ ಒಂದು ದಿನ ಸಂಜೆ ಅದೇ ಬಿಳಿ ಪಂಚೆಯಲ್ಲಿ ತೋಟಕ್ಕೆ ಬಂದು ದನದ ಕೊಟ್ಟಿಗೆ ಬಳಿಯತೊಡಗಿದನಂತೆ. ಯಾಕೆ ಬಂದೆ ಅಂತ ಅಭಿನಂದನ ಒಮ್ಮೆ ಕೇಳಿದ್ದ. ಕಾಕಾ ಕೊಟ್ಟಿಗೆ ಗುಡಿಸುತ್ತ, ಗುರುಗಳು ಬ್ಯಾಡ ಅನ್ನಲಿಲ್ಲಪಾ, ನನಗ ಎಮ್ಮಿ ನೆನಪಾತು, ಅಂದಿದ್ದ. ಅದು ನಗೆಮಾತೋ ನಿಜವೋ ಇವತ್ತಿಗೂ ತಿಳಿದಿಲ್ಲ, ಇನ್ನು ಕೇಳುವಂತಿಲ್ಲ. ಆವಾಗ ಅವನು ಹೊಳ್ಳಿ ಬಾರದೆ ಇದ್ದಿದ್ದರೆ, ದೀಕ್ಷೆ ಆಗಿದ್ದರೆ, ಅವನಿಗೂ ಮನೆಗೂ ನಂಟು ಅಲ್ಲಿಗೇ ಹರಿದುಹೋಗುತ್ತಿತ್ತು, ಇವತ್ತು ಎಲ್ಲಿಯೋ ಸಮಾಧಿ ಆಗುತ್ತಿತ್ತು, ಮನೆಯವರು ಕೈಮುಗಿದು ಹಳದಿ ಹಚ್ಚಿಕೊಳ್ಳಬಹುದಿತ್ತು. ಒಂದು ಎಮ್ಮೆ ನೆನಪಾದದ್ದಕ್ಕೆ ಈಗ ಸೂತಕ. ಒಂದೇ ಬಳ್ಳಿಯ ಸಾವು, ಕಿವಿಗಿ ಬಿದ್ದ ಗಳಿಗಿಂದ ಸೂತಕ ಅಂತಾಳೆ ಅವ್ವ, ಬೀಳುವವರೆಗೆ ಇಲ್ಲ, ಅವಳ ಅತ್ತೆ ಹಿಂದೊಮ್ಮೆ ಮದುವೆ ಪಂಕ್ತಿ ಕೂತಿದ್ದಾಗ ಹೊಲದ ಬದುವಿನ ಮೇಲೆ ಒಬ್ಬ ಸಾವಿನ ಸುದ್ದಿ ಹೊತ್ತು, ರುಮಾಲಿಲ್ಲದ ಬೋಳುತಲೆಯಲ್ಲಿ ಓಡಿ ಬರುವುದನ್ನು ಕಂಡು, ಏ ತಮ್ಮಾ, ಅಲ್ಲೇ ನಿಂದರು, ಮಂದಿ ಉಂಡ ಏಳಲಿ, ಆಮ್ಯಾಲ ಹೇಳು ಅಂತ ಕೂಗಿದ್ದಳಂತೆ, ಅವನು ಬೇವಿನ ಗಿಡದ ಕೆಳಗೆ ಕೂತನಂತೆ, ಅವನಿಗೂ ಅಲ್ಲಿಗೇ ಒಂದು ಎಲೆ ಹಾಕಿಸಿದರಂತೆ, ಇದನ್ನು ಹೇಳುವಾಗ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಅಭಿನಂದನನ ಕಿವಿಗೆ ಬಿದ್ದಾಗಿದೆ. ಈಗ ಈ ಗುಡ್ಡದ ಮೇಲೆ ಸೂತಕ ಇರುವುದು ಅವನೊಬ್ಬನಿಗೆ. ಅವನು ಬಾಯಿ ತೆರೆದರೆ ಅಪ್ಪನಿಗೆ, ಅವ್ವನಿಗೆ, ನೀಲಮನಿಗೆ, ಹಳದಿ ನಿಂತಿತು, ನಾಳೆಯ ಮದುವೆ ನಿಂತಿತು, ಸೂತಕ ಕಳೆಯುವುದರೊಳಗೆ ಜ್ಯೇಷ್ಠ ಮುಗಿದು ಆಷಾಢ, ಹಿಂದೆಯೇ ಚಾತುರ್ಮಾಸ್ಯ, ದೀಪಾವಳಿ ದಾಟುವವರೆಗೆ ಮುಹೂರ್ತವಿಲ್ಲ, ಅಲ್ಲಿಯವರೆಗೆ ಇಚಲಕರಂಜಿಯವರು ಕಾಯುತ್ತಾರೆಯೇ, ಹೋದ ಸಲ ರಾಯಬಾಗದ ಹುಡುಗ ಕಾಯಲಿಲ್ಲ, ನಿಶ್ಚಿತಾರ್ಥದ ಸಾಕರಪುಡಾ ಆಗಿ ಸಕ್ಕರೆ ಹಂಚಿ ಆದ ಮೇಲೆ ಬೇಡ ಅಂದ, ನೀಲಮ ಆ ವರ್ಷವೆಲ್ಲ ಮಾಳಿಗೆಯ ಕೋಣೆಯಿಂದ ಇಳಿಯಲಿಲ್ಲ, ಕೆಳಗೆ ನಡೆಯುವ ಮನೆಯ ಮಗ್ಗದ ಸದ್ದಿಗೆ ಅಳುವುದು ಕೇಳಿಸುವುದಿಲ್ಲ ಅಂತ ಅಂದುಕೊಂಡಿದ್ದಳು, ಕೇಳಿಸುತ್ತಿತ್ತು.

ದಾದಾ, ಮಳ್ಯಾಗ ಯಾಕ ನಿಂತಿ, ಒಳಗ ಬಾ. ನೀಲಮ ಬಸ್ತಿಯ ಒಳಗಿನಿಂದ ಕರೆಯುತ್ತಿದ್ದಾಳೆ, ಹಸಿರು ಸೀರೆ, ಕೈತುಂಬ ಹಸಿರು ಬಳೆ, ಕಪ್ಪು ಕಲ್ಲಿನ ನಡುವೆ ಅವಳೊಬ್ಬಳೇ ಚಿಗುರಿದ ಹಾಗೆ, ಫೋಟೋದವನು ಅವಳನ್ನೂ ಸಂದೇಶನನ್ನೂ ಎರಡು ಕಂಬಗಳಿಗೆ ಆನಿಸಿ ನಿಲ್ಲಿಸಿದ್ದಾನೆ, ಸರ್, ಒಂದೀಟ ಮ್ಯಾಡಮ್‌ರ ಕಡೆ ನೋಡ್ರಿ ಅಂತಾನೆ, ಸಂದೇಶ ನಾಚಿಕೊಂಡು ಚಾವಣಿಯ ಕಡೆ ನೋಡುತ್ತಾನೆ, ಲೇ ಸಂದ್ಯಾ, ಅಲ್ಲಿ ಬಾವಲಿ ಅದಾವ, ಹೆಣ್ತಿ ಇತ್ತ ಅದಾಳ ಅಂತ ಸುಗಂಧಾಬಾಯಿ ಬೈದದ್ದಕ್ಕೆ ಎಲ್ಲರೂ ನಗುತ್ತಾರೆ, ನೀಲಮ ಕೂಡ, ಹಲ್ಲು ಕಾಣುವಂತೆ, ಅಷ್ಟು ಬಿಚ್ಚಿ ನಕ್ಕದ್ದನ್ನು ಅವನು ಎಷ್ಟು ದಿನಗಳಿಂದ ನೋಡಿಲ್ಲ. ಹೊಸ್ತಿಲ ಹೊರಗೇ ನಿಂತಿದ್ದಾನೆ ಅಭಿನಂದನ, ಕಲ್ಲಿನ ಹೊಸ್ತಿಲು, ಸವೆದು ನಡುವೆ ತಗ್ಗಾದದ್ದು, ತಗ್ಗಿನಲ್ಲಿ ನೀರು, ಪೂಜೆ ಇಲ್ಲದ ಬಸ್ತಿಗೆ ಸೂತಕ ತಟ್ಟುತ್ತದೆಯೋ ಇಲ್ಲವೋ, ಇಂಥದ್ದನ್ನೆಲ್ಲ ಕಾಕಾನನ್ನು ಕೇಳಬೇಕಿತ್ತು, ಅವನಿಗಾದರೆ ಗೊತ್ತಿರುತ್ತಿತ್ತು. ದಾಟಲಿಲ್ಲ. ಸುಗಂಧಾಬಾಯಿ ಪರ್ಸಿನಿಂದ ಬೆಳ್ಳಿಯ ಸಣ್ಣ ಡಬ್ಬಿ ತೆಗೆದು ಅಕ್ಕಿಯನ್ನು ಅವನ ಕಡೆ ಚಾಚುತ್ತಾಳೆ, ಮದುಮಗಳ ಅಣ್ಣ ನೀವು, ಎಲ್ಲಾರಕಿಂತ ಮೊದಲ ದೇವ್ರ ಮುಂದ ನೀವ ಹಾಕ್ರಿ, ನಾಳಿ ಮಂಟಪದಾಗ ಶಾಸ್ತ್ರಕ್ಕ ನಮ್ಮ ಹುಡುಗನ ಕಿವಿ ಹಿಂಡಾವ್ರು ನೀವ, ಅದಕ್ಕ ಈಗ ಖುಷ್ ಮಾಡಾಕತ್ತೇನಿ. ಅವನ ಕೈ ಮುಂದೆ ಹೋಗಿ ಹಿಂದೆ ಬಂತು. ಭಗ್ನ ಮೂರ್ತಿರಿ ಅದು, ಭಗ್ನ ಆದ ಮೂರ್ತಿಗಿ ಪೂಜಾ ಇಲ್ರಿ, ಅಂದ. ಅದು ನಿಜವೇ, ಅದಕ್ಕೇ ನಾಲಗೆಗೆ ಬಂತು, ನಿಜವನ್ನು ಮುಂದೆ ಹಿಡಿದು ಇನ್ನೊಂದು ನಿಜವನ್ನು ಮರೆಮಾಡುವುದು ಇಷ್ಟು ಸುಲಭವೇ. ಅಗಬಾಯಿ, ಹೌದಲ್ಲ, ಓದಿದಾವ್ರ ಇರಬೇಕ ನೋಡ್ರಿ ಮನ್ಯಾಗ, ಅಂತ ಡಬ್ಬಿ ಮುಚ್ಚಿದಳು, ಓದಿದಾವ್ರಿಗಿ ಒಂದ ಹುಡುಗಿ ನೋಡ್ಬೇಕ ಈಗ, ನಮ್ಮ ಕಡಿಗಿ ಒಬ್ಬಾಕಿ ಅದಾಳ, ಮಾತು ಭಾಳ, ನಿಮಗ ಛಲೋ ಜೋಡಿ, ನೀವು ಕೇಳಕೋಂತ ಇದ್ರಾತು. ಅವನು ನಕ್ಕ. ಹಿಂದೆ, ಕಂಬದ ನೆರಳಿನಲ್ಲಿ ಅವ್ವ ನಿಂತಿದ್ದಳು, ಅವಳು ಅವನ ಮುಖ ನೋಡುತ್ತಿರಲಿಲ್ಲ, ಹೊಸ್ತಿಲ ಹೊರಗೆ ನಿಂತ ಅವನ ಚಪ್ಪಲಿಯನ್ನು ನೋಡುತ್ತಿದ್ದಳು. ಸಣ್ಣವನಿದ್ದಾಗಿಂದ ಯಾವ ಬಸ್ತಿ ಕಂಡರೂ ಚಪ್ಪಲಿ ಬಿಟ್ಟು ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮಗ. ನೀಲಮ ಫೋಟೋದ ನಡುವೆಯೇ ತಿರುಗಿ ಕೇಳಿದಳು, ದಾದಾ, ಕಾಕಾ ನಾಳಿ ಬರ್ತಾನಲ್ಲ, ನಸುಕಿನ್ಯಾಗ ಗಾಡಿ ಕಳಸ್ತೇವಿ ಅಂದ್ರ, ನಾ ಬಸ್ಸಿಗಿ ಬರ್ತೇನಿ ಅಂದಾನ, ಮುಂಜಾನಿ ನಾ ಫೋನ್ ಹಚ್ಚಿದ್ನಿ, ಎತ್ತಲಿಲ್ಲ, ಆಮ್ಯಾಲ ನೆನಪಾತು, ಇವತ್ತ ಅಷ್ಟಮಿ. ಹೌದು, ಅಷ್ಟಮಿ, ಅಂದ ಅಭಿನಂದನ. ಕಟ್ಟೆಯ ಮೇಲೆ ಗೋಡೆಗೆ ಆತು ಕೂತವನ ಪಕ್ಕದಲ್ಲಿ ಆ ಫೋನು ಬಡಿದುಕೊಂಡಿರಬೇಕು, ನೀಲಮನ ಹೆಸರು ಬೆಳಗಿ ಆರಿರಬೇಕು, ಎಮ್ಮೆ ತಲೆ ಎತ್ತಿ ನೋಡಿರಬೇಕು.

ಮತ್ತೆ ಫೋನು. ಅವನು ಬಸ್ತಿಯ ಗೋಡೆಗುಂಟ ಹಿಂದಕ್ಕೆ ನಡೆದ, ಹಿಂದೆ ಯಾರೂ ಇಲ್ಲ, ಬಿದ್ದ ಶಿಖರದ ಕಲ್ಲುಗಳು, ನಡುನಡುವೆ ಲಂಟಾನ, ಕೆಳಗೆ ಹೈವೇಯ ಮೇಲೆ ಲಾರಿಗಳು ದೀಪ ಹಚ್ಚಿಕೊಂಡು ಹೋಗುತ್ತಿವೆ. ಅಣ್ಣಾರ, ಏನ ಮಾಡೂದ್ರಿ, ಅಂದ ಭರಮು. ಅಳು ಮುಗಿದು ಈಗ ಅವನ ದನಿಯಲ್ಲಿ ಕೆಲಸ ಬಂದಿತ್ತು. ನಿಮ್ಮಲ್ಲಿ ಭಾಳ ಹೊತ್ತ ಇಡಂಗಿಲ್ಲ ಅಂತಾರ, ಮೈಯಾಗ ಸಣ್ಣ ಸಣ್ಣ ಜೀವ ಆಕ್ಕಾವ ಅಂತಾರ, ಹೊತ್ತ ಮುಣಗೂದ್ರಾಗ ಮಾಡಬೇಕಲ್ರಿ, ಊರಾಗ ಬಸ್ತಿ ಪಂಡಿತ್ರಿಗಿ ಹೇಳಲ್ಯೋ ಬ್ಯಾಡೋ. ಹೇಳಿದರೆ ಬಸ್ತಿಯ ಗಂಟೆಯಷ್ಟೇ ಬೇಗ ಸುದ್ದಿ, ಉಗಾರದಿಂದ ಶೇಡಬಾಳಕ್ಕೆ, ಶೇಡಬಾಳದಿಂದ ಬೋರಗಾಂವಕ್ಕೆ, ಯಾರೋ ಒಬ್ಬ ಪುಣ್ಯಾತ್ಮ ರಿಸಾರ್ಟಿಗೇ ಫೋನು ಹಚ್ಚುತ್ತಾನೆ, ಹೇಳದೆ ಹೋದರೆ ಸಮಾಜವಿಲ್ಲ, ಪಂಡಿತನಿಲ್ಲ, ಮನೆಯವರಿಲ್ಲ, ಕುರಿ ಕಾಯುವ ಭರಮು ಮತ್ತು ಅವನ ಇಬ್ಬರು ಬೀಗರು. ಒಂದೀಟ ತಡಿ ಭರಮು, ಅಂದ. ತಡೀತೇನ್ರಿ, ಮಳಿ ತಡಿಯಂಗಿಲ್ಲ, ಹೊಳಿ ನೀರ ಏರಾಕತ್ತೈತಿ, ದಂಡಿಗಿ ಒಯ್ಯಾಕ ಆಗಂಗಿಲ್ಲ, ಹೊಲದ ಎತ್ತರದ ಕಡಿ ಬದುವಿನ ಮ್ಯಾಲ ಇಟ್ಟೇವ್ರಿ, ತಾಡಪತ್ರಿ ಹೊಚ್ಚೇವಿ, ನಮ್ಮ ಕುರಿಮರಿಗಿ ಹೊಚ್ಚುದದು, ಸಣ್ಣದೈತಿ, ಮಾರಿ ಮುಚ್ಚಿದ್ರ ಕಾಲ ಹೊರಗ ಬರ್ತಾವು, ಕಾಲ ಮುಚ್ಚಿದ್ರ ಮಾರಿ ಹೊರಗ ಬರ್ತೈತಿ, ಕಾಕಾರು ಎತ್ತರದ ಆಳಲ್ರಿ, ಮಾರಿ ಮುಚ್ಚೇವ್ರಿ, ಕಾಲ ತೊಯ್ಯಾಕತ್ತಾವು. ದೊಡ್ಡವರಿಗೇ ಮೊದಲ ಹಚ್ಚಿದ್ನಿರಿ, ಅಂದ ಆಮೇಲೆ, ನಿಮ್ಮ ಅಪ್ಪಾರಿಗಿ, ಮುಂಜಾನಿ ಚಾದ ಹೊತ್ತಿಗಿ, ನನ್ನ ಹೆಸರು ನೋಡಿದ ಕೂಡ್ಲೆ ಅವರು, ಏನಿದ್ರೂ ನಾಳಿ ಸಂಜಿಕ ಹೇಳು, ಈಗ ಏನೂ ಹೇಳಬ್ಯಾಡ ಅಂದು ಇಟ್ರು, ನಾ ಬಾಯಿ ಸೈತ ತೆರದಿದ್ದಿಲ್ರಿ, ಆಮ್ಯಾಲ ಯಾರಿಗಿ ಹಚ್ಚಲಿ ಅಂತ ತಿಳೀದ ಇಷ್ಟ ಹೊತ್ತಾತ್ರಿ. ಚಹದ ಕಪ್ಪಿನ ಮೇಲೆ ಸುಮ್ಮನೆ ಇದ್ದ ಕೈ. ಅಪ್ಪ ಕೇಳಿಲ್ಲ. ಅಪ್ಪನ ಕಿವಿಗೆ ಬಿದ್ದಿಲ್ಲ. ಭರಮು ಎಂದೂ ಫೋನು ಮಾಡುವವನಲ್ಲ, ಮಾಡಿದರೆ ಒಂದೇ ಕಾರಣಕ್ಕೆ ಮಾಡಬೇಕು, ಅಷ್ಟು ತಿಳಿದ ಮೇಲೂ ಕೇಳಿಲ್ಲ, ಚಹ ಆರಿತು, ನಗೆಯಾಡಿದ, ಮಗನನ್ನು ಬಸ್ತಿ ತೋರಿಸಲು ಕಳಿಸಿದ, ತಮ್ಮನ ಹೆಗಲ ಮೇಲೆ ಕೂತು ಶೇಡಬಾಳದ ಸಂತೆ ನೋಡಿದ ಮಗನನ್ನು. ಕಾಲು ತೊಯ್ಯುತ್ತಿವೆ. ಕಾಕಾ ಮಲಗಿದರೆ ಯಾವ ಹೊದಿಕೆಯೂ ಅವನಿಗೆ ಸಾಲುತ್ತಿರಲಿಲ್ಲ, ಗೋಡೆಯ ಕಡೆ ಹೊರಳಿ ಮೊಣಕಾಲು ಮಡಚಿಕೊಳ್ಳುತ್ತಿದ್ದ, ಈಗ ಯಾರು ಮಡಚಬೇಕು.

ಹೋಗಬಹುದು. ಕೆಳಗೆ ಹೈವೇ, ಕೈ ತೋರಿಸಿದರೆ ಯಾವುದೋ ಗಾಡಿ, ಚಿಕ್ಕೋಡಿ, ಕಾಗವಾಡ, ಉಗಾರ, ಹೊತ್ತು ಮುಳುಗುವ ಮೊದಲು ಮುಟ್ಟಬಹುದು, ಬದುವಿನ ಮೇಲೆ ನಿಂತು, ಮಡಕೆ ಹೊತ್ತು, ಮಗ ಮಾಡಬೇಕಾದದ್ದನ್ನು ಮಾಡಬಹುದು, ಕಾಕಾನಿಗೆ ಬೇರೆ ಮಗನಿಲ್ಲ. ಅಷ್ಟು ಅಂದುಕೊಳ್ಳುವಷ್ಟರಲ್ಲಿ ಕಲ್ಲಿನ ಮೇಲೆ ಕಾಲುಂಗುರದ ಸದ್ದು, ಅವ್ವ, ಕೊಡೆಯಿಲ್ಲದೆ, ಸೆರಗು ತಲೆಯ ಮೇಲೆ, ಮದುವೆಗೆಂದು ತಂದ ರೇಷ್ಮೆ ತೊಯ್ದು ಮೈಗೆ ಅಂಟಿದೆ. ಒಳಗ ಯಾಕ ಬರಲಿಲ್ಲ. ಸುಮ್ನ, ಮಳಿ ನೋಡಾಕತ್ತೇನಿ ಅವ್ವ. ಮಳಿ ಅಲ್ಲೂ ಕಾಣತೈತಿ, ಅಂದಳು. ಫೋನು ಯಾರದು ಅಂತ ಕೇಳಲಿಲ್ಲ. ಅವನು ಕಾದ, ಕೇಳಿದರೆ ಸಾಕಿತ್ತು, ಕೇಳಿದರೆ ಅದು ಅವಳ ಕಡೆಯಿಂದ ಬಂದಂತೆ ಆಗುತ್ತಿತ್ತು, ಕೇಳಲಿಲ್ಲ. ಅವ್ವಾ, ಉಗಾರದಾಗ — ಅಂದ, ಅವಳ ಕೈ ಮೇಲೆದ್ದು ಅವನ ಬಾಯಿಯ ಕಡೆ ಬಂದು, ಮುಟ್ಟಲಿಲ್ಲ, ಒಂದು ಗೇಣು ದೂರದಲ್ಲೇ ನಿಂತಿತು. ಎಂದಾದರೂ ಮಗನನ್ನು ಮುಟ್ಟದೆ ಮಾತಾಡಿದವಳಲ್ಲ, ಕೆನ್ನೆ, ಭುಜ, ಕಾಲರು, ಏನಾದರೊಂದನ್ನು ಸರಿಮಾಡುತ್ತಲೇ ಮಾತಾಡುವ ಕೈ ಅದು. ನನಗ ಏನೂ ಹೇಳಬ್ಯಾಡ. ಮಳೆಯಲ್ಲಿ ಅವಳ ದನಿ ಮೆತ್ತಗಿತ್ತು. ನಾ ಏನೂ ಕೇಳಿಲ್ಲ, ಕೇಳೂದೂ ಇಲ್ಲ, ನಾಳಿ ಅಕ್ಷತಾ ಬಿದ್ದ ಮ್ಯಾಲ ನೀ ಏನ ಹೇಳಿದ್ರೂ ನೆಲಕ್ಕ ಬಿದ್ದ ಅಳ್ತೇನಿ, ಆವಾಗ ನನ್ನ ಹಿಡ್ಯಾಕ ಬರಬ್ಯಾಡ. ಹೆಣ್ತಿಲ್ಲ ಮಕ್ಕಳಿಲ್ಲ ಅಂತ ಆ ಮನಷ್ಯಾಗ ನಾ ಲಗ್ನಾಗಿ ಬಂದಾಗಿಂದ ರೊಟ್ಟಿ ಬಡದ ಕಳಿಸೇನಿ, ನಿನಗೇನ ಹೇಳಲಿ. ಯಾವ ಮನುಷ್ಯ ಅಂತ ಅವಳು ಅನ್ನಲಿಲ್ಲ, ಅನ್ನದೆಯೇ ಕಣ್ಣು ತುಂಬಿದವು, ಮಳೆಗೆ ಸೇರಿಸಿ ಒರೆಸಿಕೊಂಡಳು. ನಾ ಹೋಗ್ಲೇನ ಅವ್ವ, ಅಂದ ಅವನು. ಅವಳು ಹೈವೇಯ ಕಡೆ ನೋಡಿದಳು. ಹೋಗು ಅನ್ನಾಕೂ ನನಗ ಬಾಯಿಲ್ಲ, ಬ್ಯಾಡ ಅನ್ನಾಕೂ ಇಲ್ಲ. ನೀ ಹ್ವಾದ್ರ, ಮದುಮಗಳ ಅಣ್ಣ ಹಳದಿ ಬಿಟ್ಟ ಎಲ್ಲಿ ಹ್ವಾದ ಅಂತ ಅವರು ಕೇಳ್ತಾರ, ನಾ ಸುಳ್ಳ ಹೇಳಾಕಿ ಅಲ್ಲ, ನಿನಗ ಗೊತ್ತೈತಿ. ಗೊತ್ತಿತ್ತು. ಅವಳು ಸುಳ್ಳು ಹೇಳುವುದಿಲ್ಲ, ಅಪ್ಪನೂ ಹೇಳುವುದಿಲ್ಲ, ಅದಕ್ಕಾಗಿಯೇ ಕೇಳುವುದಿಲ್ಲ, ಇಡೀ ಮನೆ ಕಿವಿಯ ಬಾಗಿಲು ಹಾಕಿಕೊಂಡು ಒಳಗೆ ಸತ್ಯವಂತರಾಗಿ ಕೂತಿದೆ, ಹೊರಗಿನ ಮಳೆಯಲ್ಲಿ ಅವನೊಬ್ಬ. ಹಳದಿ ಬಟ್ಟಲಕ ಕೈ ಹಚ್ಚಬ್ಯಾಡ, ಅಂದಳು ಹೋಗುವಾಗ, ತಿರುಗದೆ, ಜ್ವರಾ ಬಂದಾವ ಅಂತ ನೀನ ಹೇಳು, ನಾ ಹೇಳಂಗಿಲ್ಲ, ದೂರ ಕುಂತ ನೋಡು, ಆಕಿಗಿ ನೀ ಕಂಡ್ರ ಸಾಕು.

ಅವಳು ಗೋಡೆಯ ಮೂಲೆ ದಾಟಿ ಹೋದಳು, ನವರಂಗದಿಂದ ನಗುವಿನ ಸದ್ದು ಬರುತ್ತಿತ್ತು, ಅದರಲ್ಲಿ ನೀಲಮನದು ಬೇರೆಯಾಗಿ ಕೇಳಿಸುತ್ತಿತ್ತು, ಮಗ್ಗದ ಸದ್ದಿನಲ್ಲಿ ಅಳು ಬೇರೆಯಾಗಿ ಕೇಳಿಸಿದ ಹಾಗೆಯೇ, ಅವನು ಕೇಳಿಸಿಕೊಂಡ, ಇನ್ನೊಂದು ಸಲ ಕೇಳಿಸಿಕೊಂಡ, ಆಮೇಲೆ ಭರಮುವಿಗೆ ಹಚ್ಚಿದ. ಪಂಡಿತ್ರ ಕಡೆ ಹೋಗಬ್ಯಾಡ, ಯಾರಿಗೂ ಹೇಳಬ್ಯಾಡ, ನೀನ ಬೆಂಕಿ ಇಡು, ಅಂದ. ಅಂದು ಮುಗಿಯಿತು, ಎಷ್ಟು ಸಣ್ಣ ಮಾತು, ಇಷ್ಟು ಸಣ್ಣದಕ್ಕೆ ಇಷ್ಟು ಹೊತ್ತು ಬೇಕಾಯಿತೇ. ಆ ಕಡೆ ಮಳೆ. ಭರಮು ಬೈಯಲಿ ಅನ್ನಿಸಿತು, ಅವನು ಬೈಯಲಿಲ್ಲ. ಆತ್ರಿ, ಅಂದ. ಕುಳ್ಳ ಅದಾವು, ಕಬ್ಬಿನ ರವದಿ ಒಳಗಿಂದು ಒಣಾ ಐತಿ, ಹತ್ತತೈತಿ. ಆದ್ರ ಅಣ್ಣಾರ, ನಿಮ್ಮ ಮಂತ್ರಾ ನಮಗ ಬರಂಗಿಲ್ಲ, ಕಾಕಾರು ದಿನಾ ಸಂಜಿಕ ಅಂತಿದ್ರು, ಕೇಳೇನಿ, ಅನ್ನಾಕ ಬರಂಗಿಲ್ಲ, ಅದೊಂದ ನೀವ ಅಂದಬಿಡ್ರಿ, ನಾ ಫೋನ್ ಅವರ ಕಿವಿಗಿ ಹಿಡೀತೇನಿ. ತಾಡಪತ್ರಿ ಸರಿದ ಸದ್ದು. ಹೂಂ, ಅನ್ರಿ. ಅಭಿನಂದನ ಗೋಡೆಯ ಕಡೆ ತಿರುಗಿದ. ಸೂತಕದಲ್ಲಿ ಅದನ್ನು ಬಾಯಿಬಿಟ್ಟು ಅನ್ನಬಾರದು, ಮನಸ್ಸಿನಲ್ಲಿ ಅನ್ನಬಹುದು, ಅದನ್ನೂ ಕಾಕಾನೇ ಕಲಿಸಿದ್ದ, ಅಜ್ಜಿ ಹೋದಾಗ, ತುಟಿ ಅಲುಗಬಾರದು ಅಭಿ, ಒಳಗ ನಡೀಲಿ. ಒಳಗೆ ನಡೆಯಿತು, ಣಮೋ ಅಂತ ಮೊದಲಾಯಿತು, ಎರಡನೆಯ ಸಾಲಿಗೆ ಹೋಗಲಿಲ್ಲ, ಮತ್ತೆ ಮೊದಲಿನಿಂದ, ಮತ್ತೆ ಅಲ್ಲಿಗೇ, ಸೂತಕಕ್ಕೆ ಸುಮ್ಮನಿದ್ದಾನೋ, ದನಿ ಹೊರಡದೆ ಸುಮ್ಮನಿದ್ದಾನೋ ಅವನಿಗೇ ತಿಳಿಯದಾಯಿತು, ಈ ಕಡೆ ಒಬ್ಬ ಮಾತಾಡುತ್ತಿಲ್ಲ, ಆ ಕಡೆ ಕಿವಿಗೆ ಫೋನು ಹಿಡಿಸಿಕೊಂಡವನೂ ಮಾತಾಡುತ್ತಿಲ್ಲ, ಹೀಗೆ ಎಷ್ಟು ಅಷ್ಟಮಿ, ರೊಟ್ಟಿ, ಪುಂಡಿ ಪಲ್ಯ, ಕಬ್ಬಿನ ಗರಿ. ಅಂದ್ರೇನ್ರಿ, ಏನೂ ಕೇಳವಲ್ದು, ರೇಂಜ್ ಇಲ್ಲೇನ್ರಿ ಅಲ್ಲಿ, ತಡೀರಿ, ವಿಡಿಯೋ ಹಚ್ತೇನಿ, ಒಮ್ಮಿ ನೋಡೂದರ ನೋಡ್ರಿ. ಬೇಡ ಅನ್ನುವುದರೊಳಗೆ ಪರದೆ ಬೆಳಗಿತು, ಮೊದಲು ಭರಮುವಿನ ಹೆಬ್ಬೆರಳು, ಆಮೇಲೆ ಬೂದಿ ಬಣ್ಣದ ಆಕಾಶ, ಬಾಗಿದ ಕಬ್ಬು, ಕುಳ್ಳಿನ ಸಾಲು, ನೀಲಿ ತಾಡಪತ್ರಿಯ ಅಂಚು, ಅಂಚಿನಿಂದ ಹೊರಗೆ ಎರಡು ಕಾಲು, ಅಲ್ಲಿಗೆ ಚಿತ್ರ ನಿಂತುಬಿಟ್ಟಿತು. ಪರದೆಯ ನಡುವೆ ಸಣ್ಣ ಚಕ್ರ ತಿರುಗುತ್ತಿದೆ. ಅಭಿನಂದನ ಅವ್ರ, ಎಲ್ಲದೀರಿ, ಚಲಾ, ಹಳದಿಗಿ ಹೊತ್ತಾತು, ಟೆಂಪೋ ಹೊಂಟೈತಿ — ಗೋಡೆಯ ಆಚೆಯಿಂದ ಸುಗಂಧಾಬಾಯಿ. ಬಂದೆ ಅನ್ನಬೇಕು. ಎರಡು ಕಾಲು, ಸಂಘದ ಹಿಂದೆ ಬರಿಗಾಲಲ್ಲಿ ಹೋಗಿ ಬರಿಗಾಲಲ್ಲೇ ಬಂದದ್ದು, ಹಿಮ್ಮಡಿ ಕೂಡಿಸಿ ಇಟ್ಟಿದ್ದಾರೆ, ಬೆರಳುಗಳು ಒಂದಿಷ್ಟು ಹೊರಕ್ಕೆ. ಬಂದೆ ಅನ್ನಬೇಕು, ಜ್ವರ ಅನ್ನಬೇಕು, ದೂರ ಕೂರಬೇಕು, ನಾಳೆ ಕಿವಿ ಹಿಂಡಬೇಕು, ನಗಬೇಕು. ಭರಮುವಿನ ದನಿ ಹರಿದು ಹರಿದು ಬರುತ್ತದೆ, ಕಾಣಾಕತ್ತಾರೇನ್ರಿ, ಇಡ್ಲೇನ್ರಿ. ಮಳೆಯ ಒಂದು ಹನಿ ಬಲಗಾಲಿನ ಹೆಬ್ಬೆರಳಿನ ಮೇಲೆ ಬಿದ್ದಿದೆ, ಇನ್ನೂ ಒಡೆದಿಲ್ಲ. ಇಡ್ಲೇನ್ರಿ ಅಣ್ಣಾರ. ಎರಡು ಕಾಲು, ತೊಯ್ದದ್ದು, ಹಿಮ್ಮಡಿ ಕೂಡಿಸಿದ್ದು, ಎರಡು ಕಾಲು